ಹನ್ನೊಂದು ಪದಗಳ ತವರು

ತಂಬೂರ
13-8-1984, ಸೋಮವಾರ

ಪ್ರೀತಿಯ ಮಂದಕ್ಕನಿಗೆ,

ಬೆಳಗಿನ ಜಾವ ಮೂರೂವರೆ. ಬಾಜು ಮನೆಯ ಬೀಸುಕಲ್ಲಿನ ಸದ್ದಿಗೆ ಎಚ್ಚರವಾಯಿತು. ಎಚ್ಚರವಾಯಿತು ಅನ್ನುವುದೂ ಸುಳ್ಳೇ, ನಿದ್ದೆ ಹತ್ತಿದ್ದರೆ ತಾನೆ? ನೀಲಾಗೆ ಈಗ ಎಂಟು ತಿಂಗಳು. ಅವಳು ಅತ್ತರೆ ಯಾಕೆ ಅತ್ತಳೆಂದು ಏಳುತ್ತೇನೆ, ಅಳದಿದ್ದರೆ ಯಾಕೆ ಅಳಲಿಲ್ಲವೆಂದು ಏಳುತ್ತೇನೆ. ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತೇನೆ. ನಮ್ಮತ್ತೆ ಅನ್ನವ್ವನವರು ನಿನ್ನೆ ಅದನ್ನು ಕಂಡು, "ಏನಬೇ ಯವ್ವಾ, ಸಾಲಿ ಮಾಸ್ತರಗತೆ ದಿನಾ ರಾತ್ರಿ ಕೂಸಿನ ಹಾಜರಿ ತಗೋತಿಯಲ್ಲ?" ಎಂದು ನಕ್ಕರು. ನನಗೂ ನಗು ಬಂತು. ಆದರೆ ಅವರು ಆಚೆ ತಿರುಗಿದ ಮೇಲೆ ಇನ್ನೊಂದು ಸಲ ಬೆರಳಿಟ್ಟು ನೋಡಿದೆ.

ಬೀಸುವವರು ಶಿವಗಂಗವ್ವ. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಎಪ್ಪತ್ತು ದಾಟಿದ ಒಂಟಿ ಜೀವ. ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷವಾದರೂ ಸೋಮವಾರ ಮಾತ್ರ ಒಂದು ಸೇರು ಜೋಳ ಕೈಯಲ್ಲೇ ಬೀಸುವುದು ಅವರ ನೇಮ. ಬೀಸುತ್ತ ಹಾಡುತ್ತಾರೆ. ನೀನು ತೊಟ್ಟಿಲ ಕಾರ್ಯಕ್ಕೆ ಬಂದಾಗ, "ನನ್ನ ಡಾಕ್ಟರೇಟಿಗೆ ಬೀಸುವ ಪದ ಬೇಕು, ನಿಮ್ಮ ಕಡೆ ಯಾರಾದರೂ ಹಾಡುತ್ತಾರೇನು?" ಎಂದು ಕೇಳಿದ್ದೆಯಲ್ಲ? ಆವಾಗಿನಿಂದ ಗೋಡೆಗೆ ಕಿವಿ ಹಚ್ಚಿ ಬರೆದುಕೊಂಡೆ. ಹದಿನೆಂಟು ಪದ ಇದರೊಳಗಿವೆ.

ಹಾಸ್ಟೆಲಿನಲ್ಲಿ ನನಗೆ ಜ್ವರ ಬಂದಾಗ ಮೂರು ದಿನ ಕಾಲೇಜು ಬಿಟ್ಟು ಗಂಜಿ ಕಾಸಿ ಕುಡಿಸಿದವಳು ನೀನು. ನನ್ನ ಕೈಲಾದದ್ದು ಇಷ್ಟು. ಸಾಕಾಗದಿದ್ದರೆ ಸಂಕೋಚಪಡದೆ ಹೇಳು.

ನಿನ್ನ ದಾಕ್ಷಾಯಣಿ

*

ಧಾರವಾಡ
25-8-1984

ಲೇ ದಾಕ್ಷಿ,

ಹದಿನೆಂಟೂ ಸಿಕ್ಕವು. ಅಗದಿ ಬಂಗಾರ! ನೀನು ಇಲ್ಲದಿದ್ದರೆ ನಾನು ಊರೂರು ತಿರುಗಿ ಕಾಲು ಮುರಿದುಕೊಳ್ಳಬೇಕಿತ್ತು.

ದಸರೆಯೊಳಗೆ ಇನ್ನೂ ನಲವತ್ತು ಬೇಕು. ಗೆರೆ ಹಾಕಿದ ಕಾಗದದ ಮೇಲೆ, ನಡುವೆ ಕಾರ್ಬನ್ ಇಟ್ಟು ಎರಡು ಪ್ರತಿ ಮಾಡು. ಪ್ರತಿ ಪದದ ಕೆಳಗೆ ಹಾಡಿದವರ ಹೆಸರು, ವಯಸ್ಸು, ಊರು ಇರಲಿ. ಹೆಂಗೂ ನಿನಗೆ ರಾತ್ರಿ ನಿದ್ದೆ ಇಲ್ಲ, ಬರೆಯಲಿಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ನಮಗೆಲ್ಲಿದೆ ಆ ಭಾಗ್ಯ?

ಒಂದು ಗುಟ್ಟು: ನಾನು ಕಲಿಸುವ ಕಾಲೇಜಿನಲ್ಲಿ ಮುಂದಿನ ವರ್ಷ ಕನ್ನಡಕ್ಕೆ ಒಂದು ಜಾಗ ಖಾಲಿಯಾಗಲಿದೆ. ನಿನ್ನ ಹೆಸರು ಹೇಳಿ ಇಟ್ಟಿದ್ದೇನೆ. ಎಂ.ಎ.ಯನ್ನು ಹೊರಗಿನಿಂದ ಕಟ್ಟಿದರಾಯಿತು.

ನಿಮ್ಮ ಕಡೆಯ ದಪ್ಪ ಅವಲಕ್ಕಿ ನಮ್ಮ ಮನೆಯಲ್ಲಿ ಎಲ್ಲರಿಗೂ ಸೇರುತ್ತದೆ. ಯಾರಾದರೂ ಬರುವವರಿದ್ದರೆ ಕೊಟ್ಟು ಕಳಿಸು. ಮಗ ಹೇಗಿದ್ದಾನೆ?

ಮಂದಾಕಿನಿ

*

ತಂಬೂರ
22-10-1984

ಪ್ರೀತಿಯ ಮಂದಕ್ಕನಿಗೆ,

ನಿನಗೆ ಎಷ್ಟು ಕೆಲಸ ಎಂಬುದು ನಿನ್ನ ಪತ್ರ ಓದಿದರೇ ತಿಳಿಯುತ್ತದೆ. ಅವಸರದಲ್ಲಿ ಮಗ ಎಂದು ಬರೆದಿದ್ದೀ. ಅವಳು ಮಗಳು, ನೀಲಾ. ನೀನೇ ಎತ್ತಿಕೊಂಡು ತೊಟ್ಟಿಲಿಗೆ ಹಾಕಿದ್ದೆ. ಇರಲಿ.

ನಲವತ್ತು ಪದ ಕಳಿಸಿದ್ದೇನೆ, ಎರಡೆರಡು ಪ್ರತಿ. ಇಪ್ಪತ್ತು ದಿನ ತಡವಾಯಿತು, ಕ್ಷಮಿಸು. ನಡುವೆ ನೀಲಾಗೆ ಒಂಬತ್ತು ದಿನ ಬಿಡದ ಜ್ವರ. ಕಲಘಟಗಿಯ ಡಾಕ್ಟರು, "ಮಗೂಗಿಂತ ನೀವೇ ಹೆಚ್ಚು ಬಳಲೀರಲ್ರೀ, ಯಾರಿಗ ಸೂಜಿ ಮಾಡಲಿ?" ಎಂದರು. ಈಗ ಆರಾಮಿದ್ದಾಳೆ. ತೊಟ್ಟಿಲು ಹಿಡಿದುಕೊಂಡು ನಿಲ್ಲುತ್ತಾಳೆ, ನಿಂತು ನನ್ನನ್ನೇ ಗದರಿಸುತ್ತಾಳೆ.

ಈ ನಲವತ್ತರಲ್ಲಿ ಶಿವಗಂಗವ್ವನ ಪದಗಳು ಇಪ್ಪತ್ತೊಂಬತ್ತಕ್ಕೇ ಮುಗಿದವು. ಇನ್ನೂ ಕೇಳಿದ್ದಕ್ಕೆ, "ನನ್ನ ಹೊಟ್ಟಿ ಏನ ಕಾಳಿನ ಹಗೇವು ಅಂತ ತಿಳದೀ? ತೆಗದಷ್ಟೂ ಬರಾಕ?" ಎಂದು ಬೈದರು. ಅದಾದ ಮೇಲೆ ಉಳಿದ ಹನ್ನೊಂದು ಹೇಗೋ ಸಿಕ್ಕವು. ಹೇಗೆಂದು ಭೇಟಿಯಾದಾಗ ಹೇಳುತ್ತೇನೆ. ನೀನು ಹೇಳಿದ ಹಾಗೆ ಎಲ್ಲದರ ಕೆಳಗೂ ಶಿವಗಂಗವ್ವ, ವಯಸ್ಸು ಎಪ್ಪತ್ತು, ತಂಬೂರ ಎಂದೇ ಬರೆದಿದ್ದೇನೆ. ಆ ಹನ್ನೊಂದರಲ್ಲಿ ಒಂದು ಹೀಗಿದೆ, ನೋಡು:

ಎರಿಯ ಹೊಲದಾಗ ಬಿರದಾವ ಹತ್ತಿಕಾಯಿ
ಬರಲೇನ ತಾಯಿ ಬಿಡಸಾಕ – ನಿನಮಗಳು
ತರಿಹೊಲದ ಕೆಸರಾಗ ನಿಂತಾಳ

ಚೆನ್ನಾಗಿದೆಯೇ? ನಿಜ ಹೇಳು.

ಅವಲಕ್ಕಿಯ ಚೀಲವನ್ನು ನಮ್ಮವರೇ ಬಸ್ಸಿಗೆ ಹೊತ್ತು ಹಾಕಿದರು. ಹೊರುತ್ತ, "ಪದಾನೂ ನಮ್ಮೂವು, ಅವಲಕ್ಕಿನೂ ನಮ್ಮೂವು. ನಿಮ್ಮ ಅಕ್ಕಾವ್ರು ಡಾಕ್ಟರ್ ಆದ ಮ್ಯಾಲೆ ನಮಗ ಗುಳಿಗಿನಾರ ಬರದ ಕೊಡತಾರೇನ ಕೇಳು" ಎಂದರು. ಅವರ ಚೇಷ್ಟೆಯೇ ಹಾಗೆ, ತಪ್ಪು ತಿಳಿಯಬೇಡ.

ಆ ಜಾಗದ ವಿಷಯ ಯಾರಿಗೂ ಹೇಳಿಲ್ಲ. ಆದರೆ ಗೋಡೆಯ ಗೂಡಿನಲ್ಲಿದ್ದ ಹಳೆಯ ಪುಸ್ತಕಗಳ ಧೂಳು ಝಾಡಿಸಿ ಇಟ್ಟಿದ್ದೇನೆ.

ನಿನ್ನ ದಾಕ್ಷಾಯಣಿ

*

ಧಾರವಾಡ
9-1-1985

ದಾಕ್ಷಿ,

ನಿನ್ನ ಕಟ್ಟು ಬಂದು ಬಹಳ ದಿನವಾಯಿತು, ಬರೆಯಲು ಪುರುಸೊತ್ತಿಲ್ಲ. ಕಡೆಯ ಹನ್ನೊಂದು ಪದ ಓದಿ ನನ್ನ ಮಾರ್ಗದರ್ಶಕರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಓದು ಬಾರದ ಹೆಂಗಸಿನ ಬಾಯಿಂದ ಮಾತ್ರ ಇಂಥ ಮಾತು ಹುಟ್ಟೀತು" ಎಂದರು. ಆ ಮುದುಕಿ ಪುಣ್ಯವಂತೆ.

ಈಗ ಬೀಸುವ ಕೆಲಸದ ಮೇಲೆ ಹದಿನೈದಿಪ್ಪತ್ತು ಪುಟದ ಒಂದು ಪೀಠಿಕೆ ಬೇಕು. ಕಲ್ಲು ಹೂಡುವುದು, ಕಾಳಿನ ಮುಕ್ಕು ಹಾಕುವುದು, ಗೂಟ ಹಿಡಿಯುವ ರೀತಿ, ಎಲ್ಲಾ ಬರಲಿ. ನೀನು ಬರೆದುಕೊಡು, ನಾನು ತಿದ್ದಿಕೊಳ್ಳುತ್ತೇನೆ. ಬರುವ ಭಾನುವಾರದ ಆಚೆಯ ಭಾನುವಾರ ಇಲ್ಲಿಗೇ ಬಾ, ಪದಗಳ ಅರ್ಥವನ್ನೂ ಕೂತು ಬರೆದು ಮುಗಿಸಿಬಿಡು. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದರೆ ಕೆಲಸ ಬೇಗ ಸಾಗುತ್ತದೆ.

ಮಂದಾಕಿನಿ

*

ತಂಬೂರ
4-2-1985

ಮಂದಕ್ಕನಿಗೆ,

ಮೊದಲು ಕ್ಷಮೆ. ನಿಮ್ಮ ನವಲಗುಂದದ ಜಮಖಾನೆಯ ಮೇಲೆ ನೀಲಾ ಒದ್ದೆ ಮಾಡಿದ್ದು ನನಗೆ ಇನ್ನೂ ಕೊರೆಯುತ್ತಿದೆ. ಎದೆಹಾಲು ಬಿಡಿಸಿರಲಿಲ್ಲ, ಅದಕ್ಕೇ ಕರೆದುಕೊಂಡು ಬಂದೆ. ನವಲಗುಂದದವರ ಕೈಕೆಲಸ ನೀರಿಗೆ ಬಣ್ಣ ಬಿಡುವುದಿಲ್ಲವಂತೆ. ಬಿಟ್ಟಿದ್ದರೆ ತಿಳಿಸು.

ಅರ್ಥಗಳೆಲ್ಲ ಆ ದಿನವೇ ಮುಗಿದದ್ದು ಒಳ್ಳೆಯದಾಯಿತು. ಊಟದ ಹೊತ್ತಿಗೆ ನಿಮ್ಮ ಮನೆಗೆ ಬಂದ ಆ ಹಿರಿಯರಿಗೆ ನೀನು ನನ್ನ ಗುರುತು ಹೇಳಿದೆಯಲ್ಲ, "ನಮ್ಮ ಹಳ್ಳಿ ಕಡೆ ಹುಡುಗಿ ರೀ, ಪದಾ ತಂದುಕೊಡತಾಳ" ಎಂದು. ನಾನು ಬಿ.ಎ.ಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದು ಗಡಿಬಿಡಿಯಲ್ಲಿ ನಿನಗೆ ನೆನಪಾಗಿರಲಿಕ್ಕಿಲ್ಲ. ನನಗೇನೂ ಅನ್ನಿಸಲಿಲ್ಲ. ಅವರು ಕೂತಿದ್ದರಿಂದ ಆ ಹನ್ನೊಂದು ಪದಗಳ ವಿಷಯ ಹೇಳುವುದೂ ಆಗಲಿಲ್ಲ. ಎರಡು ಸಲ ಬಾಯಿ ತೆರೆದೆ. "ಆಮೇಲೆ ಹೇಳು" ಎಂದು ನೀನು ತಡೆದೆ.

ಸಂಜೆ ಬಸ್ಸು ಸಿಕ್ಕಿತು, ಕಾಳಜಿ ಮಾಡಬೇಡ.

ಪೀಠಿಕೆ ಹದಿನೆಂಟು ಪುಟವಾಯಿತು. ಇದರ ಜೊತೆಗೇ ಇದೆ. ಬರೆಯುವಾಗ ಎಷ್ಟು ಸಂತೋಷವಾಯಿತೆಂದರೆ ನೀಲಾ ಎದ್ದದ್ದೂ ಕೇಳಲಿಲ್ಲ. ಅತ್ತೆಯೇ ಎತ್ತಿಕೊಂಡು ಹೊರಗೆ ಹೋಗಿ ಬೀದಿಯವರಿಗೆಲ್ಲ, "ನಮ್ಮ ಸೊಸಿ ಪುಸ್ತಕ ಬರಿಯಾಕ ಹತ್ಯಾಳ, ಗಪ್ಪ ಇರ್ರಿ" ಎಂದು ಸಾರಿದರಂತೆ. ಪುಸ್ತಕ ನನ್ನದಲ್ಲ ಎಂದು ಅವರಿಗೆ ಹೇಳಿದೆ. "ಬರೆಯಾಕಿ ನೀನು, ಪುಸ್ತಕ ಇನ್ನೊಬ್ಬರದು ಹೆಂಗ ಆಕ್ಕೈತಿ?" ಎಂದರು. ಅವರಿಗೆ ಓದು ಬರುವುದಿಲ್ಲ ನೋಡು, ತಿಳಿಸಿ ಹೇಳುವುದು ಕಷ್ಟ.

ತಲುಪಿದ್ದಕ್ಕೆ ಎರಡು ಗೆರೆ ಬರೆ.

ದಾಕ್ಷಾಯಣಿ

*

ಧಾರವಾಡ
28-10-1985

ದಾಕ್ಷಿ,

ಬಹಳ ದಿನವಾಯಿತು, ಸಿಟ್ಟಾಗಿಲ್ಲ ತಾನೆ? ಪ್ರಬಂಧ ಬೆರಳಚ್ಚಾಗಿ, ರಟ್ಟು ಕಟ್ಟಿಸಿ, ಸಲ್ಲಿಸಿಯೂ ಆಯಿತು. ಕೃತಜ್ಞತೆಯ ಪುಟ ಉದ್ದವಾಯಿತೆಂದು ಕಡೆಗೆ ಕೆಲವು ಹೆಸರು ತೆಗೆಯಬೇಕಾಯಿತು. ನೀನು ನಮ್ಮವಳೇ, ತಿಳಿದುಕೊಳ್ಳುತ್ತೀ.

ಆ ಕಾಲೇಜಿನ ಜಾಗಕ್ಕೆ ನಮ್ಮ ಭಾವನವರ ತಂಗಿಯನ್ನು ತೆಗೆದುಕೊಂಡರು. ಸಣ್ಣ ಮಗುವನ್ನು ಬಿಟ್ಟು ನೀನಾದರೂ ಹೇಗೆ ಬರುತ್ತಿದ್ದೆ? ನಾನೇ ಯೋಚಿಸಿ ಸುಮ್ಮನಾದೆ. ನಿನ್ನ ಒಳ್ಳೆಯದಕ್ಕೇ.

ಈಗ ಜೋಗುಳದ ಪದಗಳದ್ದೊಂದು ಪುಸ್ತಕ ಮಾಡಬೇಕೆಂದಿದ್ದೇನೆ. ತಿಂಗಳಿಗೆ ಇಪ್ಪತ್ತರಂತೆ ಕಳಿಸಿದರೆ ಸಾಕು. ನಿನ್ನ ಮನೆಯಲ್ಲೇ ತೊಟ್ಟಿಲಿದೆಯಲ್ಲ!

ಅವಲಕ್ಕಿ ಹೊಸದು ಬಂದಿರಬೇಕಲ್ಲ?

ಮಂದಾಕಿನಿ

*

ತಂಬೂರ
18-11-1985, ಸೋಮವಾರ

ಮಂದಕ್ಕನಿಗೆ,

ಈ ಪತ್ರವನ್ನು ಹಗಲಿನಲ್ಲಿ ಬರೆಯುತ್ತಿದ್ದೇನೆ. ಅಂಗಳದಲ್ಲಿ ಬಿಸಿಲಿದೆ. ನೀಲಾ ಕೋಳಿಯ ಬೆನ್ನು ಹತ್ತಿದ್ದಾಳೆ.

ಹೋದ ವಾರ ಶಿವಗಂಗವ್ವನ ಬಲರಟ್ಟೆ ಹಿಡಿದುಕೊಂಡಿತು. "ಸೋಮವಾರದ ನೇಮ ತಪ್ಪತೈತಿ, ಬಾರಬೇ, ಗೂಟಕ್ಕ ಒಂದ ಕೈ ಹಚ್ಚ ಬಾ" ಎಂದು ಕರೆದರು. ನಾನು ಹೋಗಿ ಎದುರಿಗೆ ಕೂತೆ. ಒಂದೇ ಗೂಟಕ್ಕೆ ಇಬ್ಬರ ಕೈ. ಬೀಸುವುದರ ಬಗ್ಗೆ ಹದಿನೆಂಟು ಪುಟ ಬರೆದವಳಲ್ಲವೇ ನಾನು? ಚೆನ್ನಾಗಿ ದನಿ ಎತ್ತಿ ಹಾಡಿದೆ. ಸ್ವಲ್ಪ ಹೊತ್ತಿಗೆ ಅವರು ಹಾಡು ನಿಲ್ಲಿಸಿ ನನ್ನ ಮುಖ ನೋಡಿದರು.

"ತಂಗೀ, ನೀ ಬೀಸಾಕ ಹತ್ತಿಲ್ಲ. ಗೂಟ ಹಿಡಕೊಂಡು ತೂಗಾಡಾಕ ಹತ್ತಿ. ಬೀಸಾಕಿ ನಾ ಒಬ್ಬಾಕೀನ."

"ಕೈ ಹಚ್ಚೇನಲ್ರೀ" ಎಂದೆ.

"ಹಚ್ಚೀದಿ. ನೋಡವರ ಕಣ್ಣಿಗೆ ಇಬ್ಬರೂ ಬೀಸಿದಂಗ ಕಾಣತೈತಿ. ಕೈಗೆ ಗೊತ್ತಾಗತೈತಿ, ಭಾರ ಯಾರ ಮ್ಯಾಲ ಐತಿ ಅಂತ."

ನಾಚಿಕೆಯಾಗಿ ಒತ್ತಿ ಎಳೆದೆ. ಆಗ ಅವರು ನಗುತ್ತ ತಮ್ಮ ನಾದಿನಿ ಮಲ್ಲಕ್ಕನ ಸುದ್ದಿ ತೆಗೆದರು. ಹನ್ನೆರಡು ವರ್ಷ ಇಬ್ಬರೂ ಕೂಡಿ ಬೀಸಿದರಂತೆ. ಮಲ್ಲಕ್ಕನ ದನಿ ಎಷ್ಟು ಇಂಪೆಂದರೆ ರಟ್ಟೆ ನೋಯುವುದು ಯಾಕೆಂದು ಇವರಿಗೆ ಹೊಳೆಯಲೇ ಇಲ್ಲ. ಒಂದು ದಿನ ಸಂಶಯ ಬಂತು.

"ಏನ ಮಾಡಿದ್ರಿ?" ಎಂದೆ.

"ಏನ ಮಾಡೂದು? ಹಾಡ ನಡದಾಗ ಸುಮ್ನ ಕೈ ಸಡಲ ಬಿಟ್ಟೆ. ಕಲ್ಲು ನಿಂತಿತು. ಆಕಿ ಹಾಡು ನಿಂದರಲಿಲ್ಲ."

"ಜಗಳಾ ಆತೇನ್ರಿ?"

"ಜಗಳ್ಯಾಕಬೇ? ಮರುದಿನದಿಂದ ನನ್ನ ಜ್ವಾಳಾ ನಾ ಬೀಸಿಕೊಂಡೆ, ಆಕೀ ಜ್ವಾಳಾ ಆಕಿ ಬೀಸಿಕೊಂಡ್ಲು. ಸೇಂಗಾದ ಹೋಳಿಗಿ ಮಾಡಿದಾಗ ಇಬ್ರೂ ಕೂಡೇ ತಿಂದ್ವಿ." ಎಂದು ಹೇಳಿ, ಅಲ್ಲಿಯೇ ಒಂದು ಪದ ಕಟ್ಟಿ ನನ್ನ ಮುಖಕ್ಕೇ ಹಾಡಿದರು:

ಜೋಡಿ ಕುಂತವರಾಗ ಹಾಡವಳ ದನಿ ಚಂದ
ಹಾಡವಳ ಕೈಗಿ ಬಲವಿಲ್ಲ – ಕಲ್ಲವ್ವ
ನೋಡಿ ನಗತಾಳ ಒಳಗೊಳಗ

ಆ ಹೊತ್ತು ನಾನೂ ನಕ್ಕೆ. ಮನೆಗೆ ಬಂದು ನಿನ್ನ ಪತ್ರಗಳನ್ನೆಲ್ಲ ತೆಗೆದು ದಿನಾಂಕದ ಪ್ರಕಾರ ಹರವಿಕೊಂಡು ಕೂತೆ. ಫೆಬ್ರುವರಿ ನಾಲ್ಕಕ್ಕೆ ಪೀಠಿಕೆ ಕಳಿಸಿ ಎರಡು ಗೆರೆ ಬರೆ ಎಂದು ಕೇಳಿಕೊಂಡಿದ್ದೆ. ಆಮೇಲೆ ನಾನೂ ಬರೆಯಲಿಲ್ಲ, ಸಿಟ್ಟಿನಿಂದಲ್ಲ, ನೀಲಾ ನಡೆಯಲು ಕಲಿಯುತ್ತಿದ್ದಳು. ಅಕ್ಟೋಬರದವರೆಗೆ ಟಪಾಲಿನವನು ನಿನ್ನ ಹೆಸರಿನಲ್ಲಿ ಏನೂ ತರಲಿಲ್ಲ. ನಾನು ಗೊತ್ತಿಲ್ಲದೆಯೇ ಕೈ ಸಡಿಲ ಬಿಟ್ಟಿದ್ದೆ, ಮಂದಕ್ಕ. ಕಲ್ಲು ನಿಂತೇಬಿಟ್ಟಿತ್ತು.

ಮೂರು ಮಾತು ಹೇಳಬೇಕಾಗಿದೆ. ನಿನಗೆ ಹೇಳದೆ ಉಳಿಸಿಕೊಂಡವು.

ನಾವು ಧಾರವಾಡಕ್ಕೆ ಬಂದ ದಿನ ಬಸ್ಸು ಸಿಕ್ಕಿತೆಂದು ಬರೆದದ್ದು ಸುಳ್ಳು, ಕಡೆಯ ಬಸ್ಸು ತಪ್ಪಿತ್ತು. ನಾನೂ ನೀಲಾನೂ ಬಸ್ ನಿಲ್ದಾಣದ ಬೆಂಚಿನ ಮೇಲೆ ಬೆಳಗು ಮಾಡಿದೆವು. ನಿನ್ನ ಮನೆಗೆ ತಿರುಗಿ ಬರಬಹುದಿತ್ತು, ಒಂದು ಮೈಲೂ ಇಲ್ಲ. ನಿನಗೆ ತೊಂದರೆಯಾದೀತೆಂದು ಬರಲಿಲ್ಲ. ಹಸುಗೂಸನ್ನು ಚಳಿಯಲ್ಲಿ ಮಲಗಿಸಿಕೊಂಡು ನಿನ್ನ ತೊಂದರೆಯ ಬಗ್ಗೆ ಯೋಚಿಸಿದೆನಲ್ಲ ಎಂದು ಈಗ ನನಗೆ ನನ್ನ ಮೇಲೆಯೇ ಸೋಜಿಗವಾಗುತ್ತದೆ.

ಇನ್ನೊಂದು, ಆ ಹನ್ನೊಂದು ಪದ ಶಿವಗಂಗವ್ವನವಲ್ಲ. ನಾನು ಕಟ್ಟಿದವು. ನಿನ್ನ ನಲವತ್ತು ತುಂಬದೆ, ನೀಲಾಗೆ ಜ್ವರ ಬಂದ ರಾತ್ರಿಗಳಲ್ಲಿ, ಅಣ್ಣಿಗೇರಿಯ ನಮ್ಮವ್ವನನ್ನು ನೆನೆದು ಕಟ್ಟಿದೆ. ಅವುಗಳ ಕೆಳಗೆ ಅವರ ಹೆಸರು ಬರೆದದ್ದು ನನ್ನದೇ ತಪ್ಪು. ದಯವಿಟ್ಟು ಅವನ್ನು ತೆಗೆದುಹಾಕು, ಇಲ್ಲವೇ ಕೆಳಗಿನ ಹೆಸರು ಸರಿಮಾಡು.

ಮತ್ತೊಂದು, ಜೋಗುಳ ಕಳಿಸುವುದಿಲ್ಲ. ನೀಲಾ ತೊಟ್ಟಿಲು ಬಿಟ್ಟಳು. ಬಿಡದಿದ್ದರೂ ಕಳಿಸುತ್ತಿರಲಿಲ್ಲ.

ನೀನು ಕಾಸಿ ಕೊಟ್ಟ ಗಂಜಿ ಸುಳ್ಳಲ್ಲ. ಅದನ್ನು ಮರೆಯುವವಳಲ್ಲ ನಾನು. ಇನ್ನು ಮೇಲೆ ನನ್ನ ಜೋಳ ನಾನು ಬೀಸಿಕೊಳ್ಳುತ್ತೇನೆ, ಅಷ್ಟೇ.

ದಾಕ್ಷಾಯಣಿ

*

ಧಾರವಾಡ
2-4-1986

ನನ್ನ ಮುದ್ದಿನ ದಾಕ್ಷಿ,

ನಿನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲವೆಂದು ನೊಂದಿದ್ದೀಯೇನೋ. ಬಾಣಂತನದ ನಂತರ ಕೆಲವರಿಗೆ ಮನಸ್ಸು ಹಾಗೆ ಹರಿದಾಡುತ್ತದೆ, ತಾನೇ ಸರಿಹೋಗುತ್ತದೆ ಎಂದು ಬಿಟ್ಟೆ.

ಈಗ ಒಂದೇ ಒಂದು ಕೆಲಸ, ಕಡೆಯದು. ಇದೇ 25ರ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಮೌಖಿಕ ಪರೀಕ್ಷೆ. ಹೊರಗಿನ ಪರೀಕ್ಷಕರು ದೂರದಿಂದ ಬರುತ್ತಾರೆ. ತಮ್ಮ ವರದಿಯಲ್ಲಿ ಆ ಹನ್ನೊಂದನ್ನೇ ಎತ್ತಿ ಹೊಗಳಿದ್ದಾರೆ. ಹಾಡಿದ ಮುದುಕಿಯ ಬಾಯಿಂದಲೇ ಕೇಳಬೇಕಂತೆ.

ಇನ್ನೂ ಮೂರು ವಾರ ಇವೆ. ಆ ಹನ್ನೊಂದನ್ನೂ ಮುದುಕಿಗೆ ಬಾಯಿಪಾಠ ಮಾಡಿಸು. ಹಿಂದಿನ ದಿನವೇ ಕರೆದುಕೊಂಡು ಬಾ, ನಮ್ಮ ಮನೆಯಲ್ಲೇ ಇರಬಹುದು. ಅವಳಿಗೊಂದು ಇಳಕಲ್ಲ ಸೀರೆ ಉಡಿಸುತ್ತೇನೆ. ನೀನು ಕಟ್ಟಿದ್ದೆನ್ನುವ ಮಾತನ್ನು ಯಾರ ಮುಂದೂ ಎತ್ತಬೇಡ. ಎತ್ತಿದರೆ ನನ್ನ ಆರು ವರ್ಷ ಮಣ್ಣುಪಾಲು.

ಜ್ವರ ಬಂದಾಗ ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದು ನೆನಪಿದೆಯಲ್ಲ? ನೀಲಾಗೆ ಮುತ್ತು.

ನಿನ್ನ ಮಂದಕ್ಕ

*

ತಂಬೂರ
24-4-1986, ಗುರುವಾರ, ಮಧ್ಯಾಹ್ನ ಮೂರು ಗಂಟೆ

ಮಂದಾಕಿನಿಗೆ,

ಇದನ್ನು ಟಪಾಲಿಗೆ ಹಾಕಿದರೆ ಹೊತ್ತು ಮೀರುತ್ತದೆ. ನಾಲ್ಕೂವರೆಯ ಬಸ್ಸಿನ ಕಂಡಕ್ಟರ್ ಮಾಳಪ್ಪನವರ ಮನೆ ನಿಮ್ಮ ಓಣಿಯ ಹಿಂದೆಯೇ ಇದೆಯಂತೆ. ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ರಾತ್ರಿ ಎಂಟರೊಳಗೆ ನಿನಗೆ ಮುಟ್ಟುತ್ತದೆ.

ನಾನೂ ಬರಲಿಲ್ಲ, ಶಿವಗಂಗವ್ವನನ್ನೂ ಕರೆತರಲಿಲ್ಲ. ನೀನು ಬಾಗಿಲು ಕಾಯುತ್ತಿದ್ದರೆ ಒಳಗೆ ಹೋಗಿ ಕೂತು ಇದನ್ನು ಪೂರ್ತಿ ಓದು.

ನೀಲಾಗೆ ಮುತ್ತು ಎಂದು ಬರೆದಿದ್ದೆಯಲ್ಲ, ಒಂದು ದಿನ ಪೂರ್ತಿ ಅದನ್ನೇ ನೋಡುತ್ತ ಕೂತೆ. ಮೊದಲ ಸಲ ನೀನು ಅವಳ ಹೆಸರು ಬರೆದಿದ್ದೆ. ಹಳೆಯ ದಾಕ್ಷಾಯಣಿಯಾಗಿದ್ದರೆ ಅಷ್ಟಕ್ಕೇ ಕರಗಿ ಮುದುಕಿಗೆ ಪಾಠ ಹೇಳಲು ಹೊರಡುತ್ತಿದ್ದಳು. ಹೊರಟೂ ಹೊರಟೆ, ಯಾಕೆ ಸುಳ್ಳು ಹೇಳಲಿ? ಆ ಗಂಜಿಯ ಋಣಕ್ಕಾಗಿ ನಿನ್ನ ಮಾತನ್ನು ಶಿವಗಂಗವ್ವನ ಮುಂದೆ ಇಟ್ಟೆ. ಹನ್ನೊಂದೂ ಪದ ಹಾಡಿ ತೋರಿಸಿದೆ. ಅವರು ಎಲೆ ಮಡಿಚುವುದು ಬಿಟ್ಟು ಕೇಳಿದರು.

"ಪದಾ ಚೊಲೊ ಅದಾವ ತಂಗೀ. ನಿಮ್ಮವ್ವ ಕೇಳಿದ್ರ ಅತ್ತಾಳು. ಆದ್ರ ಕಲ್ಲಿನ ಮುಂದ ಕುಂತು ನನ್ನ ತವರ ಅಣ್ಣಿಗೇರಿ ಅಂತ ನಾ ಹಾಡಲೇನು? ನಾ ದೇವಿಕೊಪ್ಪದಾಗ ಹುಟ್ಟಿದಾಕಿ. ಹತ್ತಿ ಹೊಲ ಕಣ್ಣೀಲೆ ಕಂಡಿಲ್ಲ."

"ಹಾಡಿನ ಮಾತಲ್ರೀ, ಸುಮ್ಮನ ಬಾಯಿಪಾಠ" ಎಂದೆ.

"ಬಾಯಿಪಾಠ ಸಾಲಿ ಮಕ್ಕಳಿಗೆ. ಹೆಂಗಸಿಗೆ ಎಲ್ಲಾ ಬದಲ ಮಾಡತಾರ, ಮನಿ ಬದಲ ಮಾಡತಾರ, ಅಡ್ಡಹೆಸರ ಬದಲ ಮಾಡತಾರ. ತವರೊಂದು ಬದಲ ಮಾಡಾಕ ಬರೂದಿಲ್ಲ. ಬೀಸುವಾಗ ತವರಿನ ಹೆಸರು ಸುಳ್ಳ ಹೇಳಿದ್ರ ಹಿಟ್ಟಿಗೆ ಹುಳ ಬೀಳತಾವ ಅಂತಿದ್ಲು ನಮ್ಮವ್ವ." ಮತ್ತೆ ಎಲೆ ಕೈಗೆತ್ತಿಕೊಂಡು, "ಒಂದ ಮಾತ ಕೇಳತೇನಿ. ನೀ ಯಾಕ ನಿನ್ನ ತವರ ನನ್ನ ಉಡಿಯಾಗ ಹಾಕಿದಿ?" ಎಂದರು.

ಅಲ್ಲಿಯೇ ಕೂತು ಅತ್ತೆ. ಅವರು ಎಲೆ ಕೊಟ್ಟರು, ತಿಂದೆ, ನಾಲಗೆ ಸುಟ್ಟಿತು, ಇಬ್ಬರೂ ನಕ್ಕೆವು. ಅಂದು ರಾತ್ರಿ ಮಲಗಿದವಳು ಹಾಲಿನವನು ಕೂಗುವವರೆಗೆ ಏಳಲಿಲ್ಲ. ಅತ್ತೆಗೆ ಗಾಬರಿಯಾಗಿ ಬಂದು ನನ್ನ ಮೂಗಿನ ಕೆಳಗೆ ಕೈ ಇಟ್ಟು ನೋಡಿದರಂತೆ.

ಈಗ ಮುಖ್ಯವಾದ ಮಾತು. ಕಳೆದ ಸೋಮವಾರ ಶಿವಗಂಗವ್ವನ ಹೆಸರಿಗೆ ಒಂದು ಜೋಡುಕಾರ್ಡು ಬಂತು, ಉತ್ತರ ಬರೆಯಲು ಖಾಲಿ ಕಾರ್ಡೂ ಅಂಟಿಕೊಂಡಿದ್ದು. ಅವರ ಜನ್ಮದಲ್ಲಿ ಬಂದ ಮೊದಲ ಟಪಾಲು. ಪೂಜೆ ಮಾಡಿ ಇಡೋಣ ಎಂದರು. ಓದಿ ಹೇಳಲು ನನ್ನನ್ನೇ ಕರೆದರು. ಬರೆದವರು ನಿನ್ನ ಪರೀಕ್ಷಕರು. ಪ್ರಬಂಧದಲ್ಲಿ ವಿಳಾಸ ನೋಡಿ ಬರೆದಿದ್ದಾರೆ. ಬಹಳ ಮರ್ಯಾದೆಯಿಂದ, 'ತಾಯಿ' ಎಂದು ಕರೆದು, ಒಂದೇ ಪ್ರಶ್ನೆ ಕೇಳಿದ್ದಾರೆ: ನಿಮ್ಮ ನಲವತ್ತೇಳು ಪದಗಳಲ್ಲಿ ತವರು ದೇವಿಕೊಪ್ಪ, ಗದ್ದೆ, ಕಾಡು. ಹನ್ನೊಂದರಲ್ಲಿ ಅಣ್ಣಿಗೇರಿ, ಎರೆಹೊಲ, ಹತ್ತಿ. ಒಬ್ಬ ಹೆಣ್ಣಿಗೆ ಎರಡು ತವರು ಹೇಗೆ?

ಶಿವಗಂಗವ್ವನ ಮುಖ ಅರಳಿತು. "ಶಾಣ್ಯಾ ಮನಶ್ಯಾ ಅದಾನ, ಅವನವ್ವ ಬೀಸಿರಬೇಕು" ಎಂದರು. ಉತ್ತರದ ಕಾರ್ಡಿನಲ್ಲಿ ಅವರು ಹೇಳಿದಂತೆ ನಾನು ಬರೆದೆ: 'ನನ್ನ ತವರು ದೇವಿಕೊಪ್ಪ. ಆ ಹನ್ನೊಂದು ನನ್ನವಲ್ಲ.' ಯಾರವು ಎಂದು ಬರೆಯಲೇ ಎಂದು ಕೇಳಿದೆ. "ಬ್ಯಾಡ. ಅದನ್ನ ಹೇಳಬೇಕಾದಾಕಿ ಬ್ಯಾರೆ ಅದಾಳ. ಆಕಿಗೆ ಜಾಗಾ ಬಿಡು" ಎಂದು ಹೆಬ್ಬೆರಳು ಒತ್ತಿದರು. ಮಂಗಳವಾರ ಬೆಳಿಗ್ಗೆ ಅವರೇ ನಡೆದು ಹೋಗಿ ಡಬ್ಬಿಗೆ ಹಾಕಿ, ಬಿತ್ತೋ ಇಲ್ಲವೋ ಎಂದು ಕೈಯಾಡಿಸಿ ನೋಡಿ ಬಂದರು. ಪರೀಕ್ಷಕರು ಧಾರವಾಡದ ಅತಿಥಿಗೃಹದ ವಿಳಾಸ ಕೊಟ್ಟಿದ್ದರು. ಕಾರ್ಡು ಈ ಹೊತ್ತಿಗೆ ಅವರ ಕೈಯಲ್ಲಿರಬೇಕು.

ಬಂದ ಕಾರ್ಡನ್ನು ನಾನು ಹರಿದು ಹಾಕಬಹುದಿತ್ತು. ಎರಡು ವರ್ಷದ ಹಿಂದೆ ಆಗಿದ್ದರೆ ಹರಿಯುತ್ತಿದ್ದೆನೇನೋ. ಆದರೆ ನಾಳೆ ಹತ್ತು ಗಂಟೆಗೆ ಅವರು ಕೇಳುವ ಮೊದಲ ಪ್ರಶ್ನೆ ಯಾವುದೆಂದು ನಿನಗೆ ತಿಳಿಸದೆ ಇರಲೂ ನನ್ನಿಂದಾಗಲಿಲ್ಲ.

ಅದಕ್ಕೇ ಹೇಳುತ್ತೇನೆ. ಅವರು ಕೇಳುವ ಮೊದಲೇ ನೀನೇ ಹೇಳಿಬಿಡು. ನಲವತ್ತೇಳು ಪದ ನಿಜವಾದವು, ನಿನ್ನ ವಾದಕ್ಕೆ ಅಷ್ಟು ಸಾಕು. ಹನ್ನೊಂದು ಮಾತ್ರ ದಾಕ್ಷಾಯಣಿ ಕಟ್ಟಿದ್ದು, ಪೀಠಿಕೆ ಬರೆದದ್ದೂ ಅವಳೇ ಎಂದು ಹೇಳು. ಹಾಡಿದವರ ಹೆಸರು ತಪ್ಪಾಗಿ ಬರೆದವಳು ನಾನು ಎಂದು ಒಂದು ಹಾಳೆಯ ಮೇಲೆ ಸಹಿ ಮಾಡಿ ಇದರ ಜೊತೆಗೆ ಇಟ್ಟಿದ್ದೇನೆ. ನನ್ನ ಪಾಲಿನ ತಪ್ಪನ್ನು ನಾನು ಹೊರುತ್ತೇನೆ. ನಿನ್ನ ಪಾಲು ನವೆಂಬರದಿಂದ ಈಚೆಗಿನದು, ಅದನ್ನು ನಾನು ಹೊರಲಾರೆ. ಇಷ್ಟಾದರೂ ನೀನು ಹೇಳದಿದ್ದರೆ, ಅವರು ನನ್ನನ್ನು ಕೇಳಿದ ದಿನ ನಾನು ಮುಚ್ಚಿಡುವುದಿಲ್ಲ.

ನನ್ನ ಬಗ್ಗೆ ಮರುಕ ಬೇಡ, ನಾನು ಚೆನ್ನಾಗಿದ್ದೇನೆ. ಸೋಮವಾರ ಶಿವಗಂಗವ್ವನ ಎದುರಿಗೆ ಕೂತು ಬೀಸುತ್ತೇನೆ. ಬರಬರುತ್ತ ಓಣಿಯ ನಾಲ್ಕಾರು ಹೆಂಗಸರು ಬಂದು ಗೋಡೆಗೆ ಒರಗಿ ಕೂಡುತ್ತಾರೆ. ಅಣ್ಣಿಗೇರಿಯ ಪದವನ್ನು ನನ್ನ ಬಾಯಿಂದಲೇ ಹಾಡಿಸುತ್ತಾರೆ. ನಮ್ಮವರು ಕಲಘಟಗಿಯಿಂದ ದಪ್ಪ ರಟ್ಟಿನ ನೋಟ್‌ಬುಕ್ ತಂದುಕೊಟ್ಟು, "ಇದರಾಗ ಕಾರ್ಬನ್ ಗೀರ್ಬನ್ ಇಡಬ್ಯಾಡ" ಎಂದಿದ್ದಾರೆ. ಮೊನ್ನೆಗೆ ಹದಿನಾರು ಪದವಾದವು.

ಇಂದು ಶಬೇ ಬರಾತ್. ಅಕ್ಕಿ ಗಿರಣಿಯ ಸಿರಾಜುದ್ದೀನ್ ಸಾಹೇಬರ ಮನೆಯಲ್ಲಿ ರಾತ್ರಿಯೆಲ್ಲ ನಮಾಜು, ಯಾರೂ ಮಲಗುವುದಿಲ್ಲ. ಊರಿಗೆ ಇರುವ ಒಂದೇ ಫೋನು ಅವರದು. ಅವರ ಮನೆಯವರು ಮಲಿಕಾಬಿ, "ಬಾ ಅವ್ವಾ, ಕೂಸಿನ್ನೂ ಕರಕೊಂಡ ಬಾ, ಗಾದಿ ಹಾಸಿಕೊಡತೇನಿ" ಎಂದಿದ್ದಾರೆ. ಎಂಟರಿಂದ ಫೋನಿನ ಬಾಜುವಿನಲ್ಲೇ ಕೂತಿರುತ್ತೇನೆ. ಕಲಘಟಗಿ ಎಕ್ಸ್‌ಚೇಂಜಿಗೆ ಹೇಳಿ, ತಂಬೂರದ ಅಕ್ಕಿ ಗಿರಣಿ ಎಂದರೆ ಹಚ್ಚಿಕೊಡುತ್ತಾರೆ.

ಬೈಯುವುದಿದ್ದರೆ ಇನ್ನೊಂದು ದಿನ ಬೈಯಿ. ಪದ ಕೇಳಲು ಫೋನು ಮಾಡಬೇಡ, ಮುದುಕಿಯನ್ನು ಕರೆತಾ ಎನ್ನಲು ಮಾಡಬೇಡ, ಗಂಜಿಯ ಮಾತಿಗೂ ಬೇಡ. 'ನಾನೇ ಹೇಳತೇನಿ' ಎಂಬ ಎರಡು ಮಾತು ಸಾಕು. ಆರು ವರ್ಷ ಓದಿದವಳು ಒಬ್ಬರ ಮುಂದೆ ತಲೆ ತಗ್ಗಿಸಿ ನಿಲ್ಲುವುದನ್ನು ನೆನೆದರೆ ನನಗೆ ತಡೆಯಲಾಗುವುದಿಲ್ಲ. ಹನ್ನೆರಡಕ್ಕೆ ಮಾಡು, ಎರಡಕ್ಕೆ ಮಾಡು, ನಾಲ್ಕಕ್ಕೆ ಮಾಡು, ಎಚ್ಚರ ಇರುತ್ತೇನೆ. ಬೆಳಗಾಗುವುದರೊಳಗೆ ಒಂದು ಫೋನು ಮಾಡು, ಮಂದಕ್ಕಾ, ಕೈ ಮುಗಿಯುತ್ತೇನೆ, ಮಾಡು.

ದಾಕ್ಷಾಯಣಿ